ಗೋಡೆಯಾಚೆಯ ರಸಾಯನ

ಒಬ್ಬಳೇ ಕುಳಿತು ಉಣ್ಣುವುದು ನನಗೆ ಈಗಲೂ ಆಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದ ದಿನ ಒಲೆಯ ಹತ್ತಿರ ನಿಂತುಕೊಂಡೇ ರೊಟ್ಟಿ ಮುರಿದು ತಿಂದು, ಮೇಲೊಂದು ಚೊಂಬು ನೀರು ಕುಡಿದು ಕೈತೊಳೆದುಬಿಡುತ್ತೇನೆ. ಸೊಸೆಯಂದಿರು ನಗುತ್ತಾರೆ. ನಗಲಿ. ಅವರಾರೂ ಬಳ್ಳಾರಿ ಬ್ರೂಸ್‌ಪೇಟೆಯ ಆ ಹಿಂಭಾಗದ ಮನೆಯಲ್ಲಿ ಚಳಿಗಾಲ ಕಳೆದವರಲ್ಲ.

ನಾನು ಕುರುಗೋಡಿನವಳು. ನಮ್ಮದು ಲಿಂಗವಂತರ ತುಂಬು ಮನೆ. ಗಂಡಸರ ಊಟ ಮುಗಿದ ಮೇಲೆ ಅವ್ವ, ದೊಡ್ಡವ್ವ, ಚಿಗವ್ವಂದಿರು, ಅತ್ತಿಗೆ, ನಾವು ಹುಡುಗಿಯರು ಎಲ್ಲ ಒಲೆಯ ಮುಂದೆ ಸುತ್ತುಗಟ್ಟಿ ಕೂರುತ್ತಿದ್ದೆವು. ಯಾರ ತಾಟು ಯಾರದೆಂಬ ಲೆಕ್ಕವಿಲ್ಲ. ನನ್ನ ತಾಟಿನ ಬೆಣ್ಣೆಗೆ ಪಕ್ಕದವಳು ಕೈ ಹಾಕಿದರೆ ಕಿರುಚುತ್ತಿದ್ದೆ. ನೆಮ್ಮದಿಯಾಗಿ ಒಬ್ಬಳೇ ಉಣ್ಣುವ ದಿನ ಯಾವಾಗ ಬರುತ್ತದೋ ಎಂದು ಆಗ ಅಂದುಕೊಂಡದ್ದೂ ಉಂಟು. ಶಿವ ಅಂಥದ್ದನ್ನು ಮಾತ್ರ ಬೇಗ ಕೇಳಿಸಿಕೊಳ್ಳುತ್ತಾನೆ.

ಮದುವೆಯಾಗಿ ಬಳ್ಳಾರಿಗೆ ಬಂದೆ. ಯುದ್ಧ ಮುಗಿದಿತ್ತು, ಸಕ್ಕರೆಯ ಕಂಟ್ರೋಲು ಮುಗಿದಿರಲಿಲ್ಲ. ಊರು ಇನ್ನೂ ಮದ್ರಾಸಿಗೇ ಸೇರಿತ್ತು. ನನ್ನ ಗಂಡ ಬ್ರೂಸ್‌ಪೇಟೆಯಲ್ಲಿ ಹತ್ತಿ ಮತ್ತು ಭತ್ತದ ಸಾಹುಕಾರರೊಬ್ಬರ ಬಳಿ ಗುಮಾಸ್ತ. ದೀಪಾವಳಿ ದಾಟಿ ಹೊಸ ಮಾಲು ಬರತೊಡಗಿತೆಂದರೆ ಸಾಹುಕಾರರು ಅವರನ್ನು ಖರೀದಿಗೆಂದು ಸಿರುಗುಪ್ಪಕ್ಕೆ ಕಳಿಸುತ್ತಿದ್ದರು. ಶಿವರಾತ್ರಿಯ ತನಕ ಅವರು ಅಲ್ಲೇ. ಈ ಕಡೆಗೆ ಲಾರಿಯೇನಾದರೂ ಬಂದರೆ ಅದರಲ್ಲಿ ಕುಳಿತು ಬಂದು, ಒಂದು ರಾತ್ರಿ ಇದ್ದು, ಹೊಳೆದಂಡೆಯ ತೋಟದ ಬಾಳೆಗೊನೆಯೊಂದನ್ನು ಮೂಲೆಗಿಟ್ಟು ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದರು.

"ನನ್ನೂ ಕರ್ಕೊಂಡು ಹೋಗ್ರಿ" ಎಂದು ಒಮ್ಮೆ ಹಟ ಹಿಡಿದೆ.

"ಭತ್ತದ ಮಂಡಿಯಾಗ ಚೀಲದ ಮ್ಯಾಲೆ ಮಲಗ್ತೀನಿ. ನಿನ್ನ ಎಲ್ಲಿ ಮಲಗಿಸ್ಲಿ, ಹೇಳು" ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮಕ್ಕಳು ಇನ್ನೂ ಆಗಿರಲಿಲ್ಲ. ಓಣಿಯ ಹೆಂಗಸರೆಲ್ಲ ತೆಲುಗಿನವರು. ಆಗ ನನ್ನ ತೆಲುಗು ಅಷ್ಟಕ್ಕಷ್ಟೇ. ಕಟ್ಟೆಯ ಮೇಲೆ ಕಂಡರೆ "ತಿನ್ನಾವಾ?" ಎನ್ನುತ್ತಿದ್ದರು. ಉಂಡೆಯಾ ಎಂದು ಅದರ ಅರ್ಥ. ಹೂಂ ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಉಂಡಿಲ್ಲ, ಒಬ್ಬಳಿಗೆ ಅನ್ನ ಇಳಿಯುತ್ತಿಲ್ಲ ಎಂದು ಹೇಳುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ, ಆ ಮಾತು ಬೇರೆ.

ನಾವು ಬಾಡಿಗೆಗಿದ್ದದ್ದು ಹಿಂಭಾಗದಲ್ಲಿ, ಮುಂಭಾಗದಲ್ಲಿ ಮನೆಯ ಒಡತಿ ಇದ್ದರು. ವಯಸ್ಸಾದ ಬ್ರಾಹ್ಮಣ ವಿಧವೆ, ಕೆಂಪು ಸೀರೆಯ ಮಡಿ ಹೆಂಗಸು, ಒಂಟಿ. ಒಂದು ಹಸು ಸಾಕಿದ್ದರು. ನನ್ನ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಮೊದಮೊದಲು ಅವರನ್ನು ಕಂಡರೆ ನನಗೆ ಹೆದರಿಕೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಿತ್ತಿಲಿನ ಬಾವಿ ಇಬ್ಬರಿಗೂ ಒಂದೇ. ಅವರು ಸೇದಿಕೊಂಡು ದೂರ ಸರಿದು ನಿಂತ ಮೇಲೆ ನಾನು ಕೊಡ ಇಳಿಸಬೇಕು. ಹಾಗೆ ನಿಂತಲ್ಲೇ ನಿಂತು ಅವರು ನನ್ನ ತವರು, ನನ್ನ ಗಂಡನ ಸಂಬಳ, ನನ್ನ ಸೀರೆಯ ಬಣ್ಣ ಎಲ್ಲವನ್ನೂ ವಿಚಾರಿಸಿಕೊಂಡರು. ನಾಲಿಗೆ ಬಿರುಸು, ಕಣ್ಣು ಹಾಗಿರಲಿಲ್ಲ.

ಮೊದಲ ಚಳಿಗಾಲದಲ್ಲಿ ಒಂದು ದಿನ ಬಿಸಿ ರೊಟ್ಟಿ, ಎಣ್ಣೆಗಾಯಿ ಹಿಡಿದು ಅವರ ಬಾಗಿಲಿಗೆ ಹೋದೆ. ಅವರು ಒಳಗಿಂದಲೇ ಕೈಯಾಡಿಸಿದರು.

"ಬ್ಯಾಡ ತಾಯಿ. ಬ್ಯಾರೆಯವರ ಮನಿ ಅಡಿಗಿ ನಮಗ ಬರೂದಿಲ್ಲ. ಸಿಟ್ಟಾಗಬ್ಯಾಡ."

"ಮತ್ತ ಏನು ಬರ್ತೈತ್ರಿ ಅಮ್ಮಾರ?" ಎಂದೆ. ನನ್ನ ದನಿಯಲ್ಲಿ ಸಿಟ್ಟು ಇದ್ದೇ ಇತ್ತು.

ಅವರು ಸ್ವಲ್ಪ ಯೋಚಿಸಿದರು. "ಹಣ್ಣಿಗೆ ದೋಷ ಇಲ್ಲ. ಹಾಲಿಗೂ ಇಲ್ಲ. ಹೆಂಗೂ ರಾತ್ರಿ ನಾ ಉಣ್ಣಂಗಿಲ್ಲ, ಫಲಾಹಾರ ಅಷ್ಟ."

ಆ ಮಾತು ನನಗೆ ಸಾಕಾಯಿತು. ನಾನು ಮಾಡಿದ್ದನ್ನು ತಿನ್ನಬಲ್ಲ ಒಂದು ಜೀವ ಗೋಡೆಯಾಚೆ ಇದೆ ಎಂದು ತಿಳಿದು ಅಂದು ಎಷ್ಟು ಹಿಗ್ಗಿದೆನೆಂದರೆ, ಆ ರೊಟ್ಟಿಯನ್ನು ನಾನೇ ಅಷ್ಟೂ ತಿಂದೆ.

ಹಣ್ಣಿಗೇನು ಬರವೇ? ನಮ್ಮ ತವರಿನ ಬಾವಿಯ ಹೊಲದಲ್ಲಿ ಅಂಜೂರದ ಗಿಡಗಳಿದ್ದವು. ಚಳಿ ಬಿಗಿದ ಮೇಲೆ ಅಣ್ಣ ಬಳ್ಳಾರಿಗೆ ಬಂದಾಗಲೆಲ್ಲ ಅಂಜೂರವನ್ನು ಅದರದೇ ಎಲೆ ಹಾಸಿ ಬುಟ್ಟಿಯಲ್ಲಿ ತಂದುಕೊಡುತ್ತಿದ್ದ. ಸಿರುಗುಪ್ಪದ ಬಾಳೆ ಮೂಲೆಯಲ್ಲಿ ಹಣ್ಣಾಗುತ್ತಿತ್ತು. ಪೇರಲ, ದಾಳಿಂಬೆ ಬಾಗಿಲಿಗೇ ಬರುತ್ತಿದ್ದವು. ರೂಪನಗುಡಿಯ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸು ಪುಷ್ಯ ಮಾಸದಲ್ಲಿ ಬಾರೆಹಣ್ಣನ್ನೂ ತರುತ್ತಿದ್ದಳು. ಹುಳುಕು ಹಣ್ಣು ಕೊಟ್ಟು ಹೋದಳೆಂದು ಅವಳ ಜೊತೆ ಜಗಳವಾಡುವುದೂ ನನಗೆ ಒಂದು ಹೊತ್ತುಗಳೆಯುವ ಕೆಲಸವೇ ಆಗಿತ್ತು.

ನಮ್ಮ ಕಡೆ ಇದಕ್ಕೆ ರಸಾಯನ ಎನ್ನುತ್ತಾರೆ. ಮಾಡುವುದು ಸುಲಭ ಎನ್ನುವವರು ಮಾಡಿ ನೋಡಿಲ್ಲ. ಪೇರಲವನ್ನು ಮೊದಲು ಹೆಚ್ಚಬೇಕು. ಬೀಜದ ತಿರುಳನ್ನು ಬೇರೆ ತೆಗೆಯಬೇಕು, ಹಲ್ಲಿಲ್ಲದವರಿಗೆ ಅದು ತೊಂದರೆ. ಅಂಜೂರಕ್ಕೆ ಈಳಿಗೆ ಮುಟ್ಟಿಸಬಾರದು, ತೊಟ್ಟು ಮುರಿದು ಹಾಲು ಒರೆಸಿ ಬೆರಳಿನಿಂದಲೇ ಬಿಡಿಸಬೇಕು. ದಾಳಿಂಬೆಯ ಕಾಳು ಒಡೆಯದಂತೆ ಉದುರಿಸಬೇಕು. ಬಾಳೆಹಣ್ಣು ಕೊನೆಗೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ಸಕ್ಕರೆ ಸಿಗುತ್ತಿರಲಿಲ್ಲವಾದ್ದರಿಂದ ಬೆಲ್ಲ ಹೆರೆದು ಹಾಕುತ್ತಿದ್ದೆ. ಹಸಿ ಕೊಬ್ಬರಿ, ಏಲಕ್ಕಿ. ಎಲ್ಲ ಆದ ಮೇಲೆ ಒಂದು ಚಿಟಿಕೆ ಉಪ್ಪು. ಪೇರಲ ಬಿದ್ದ ರಸಾಯನಕ್ಕೆ ಉಪ್ಪಿಲ್ಲದಿದ್ದರೆ ಅದು ದನದ ಮೇವು ಎನ್ನುತ್ತಿದ್ದಳು ನಮ್ಮವ್ವ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವವಳು. ಅಂಥವಳ ಮಗಳು ನಾನು, ಉಪ್ಪು ಮರೆಯುತ್ತೇನೆಯೇ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಾಳೆಯ ಬಟ್ಟಲನ್ನು ಹುಣಸೆಹಣ್ಣಿನಿಂದ ತಿಕ್ಕಿ, ರಸಾಯನ ತುಂಬಿ, ಅವರ ಹೊಸ್ತಿಲ ಹೊರಗೆ ಇಟ್ಟು ಸರಿದು ನಿಲ್ಲುತ್ತಿದ್ದೆ. ಅವರು ಬಂದು ಎತ್ತಿಕೊಳ್ಳುತ್ತಿದ್ದರು. "ಎಷ್ಟು ನಾಜೂಕಾಗಿ ಹೆಚ್ಚೀಯೇ ಹುಡುಗಿ!" ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಬಟ್ಟಲು ಬೆಳಗಿದಂತೆ ತೊಳೆದು ಬಾವಿಕಟ್ಟೆಯ ಮೇಲೆ ಇಟ್ಟಿರುತ್ತಿತ್ತು. ಬರಿದಾಗಿ ಎಂದೂ ಬಂದಿಲ್ಲ. ಒಂದು ಹಿಡಿ ಪುಟಾಣಿ ಕಡಲೆಯೋ, ಎಳ್ಳೋ, ಕರಿಬೇವೋ ಅದರಲ್ಲಿ ಇದ್ದೇ ಇರುತ್ತಿತ್ತು.

ಬಟ್ಟಲು ಕೊಟ್ಟು ಬಂದವಳು ನಾನು ಕೂಡಲೇ ತಿನ್ನುತ್ತಿರಲಿಲ್ಲ. ನನ್ನ ಪಾಲನ್ನು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದೆ. ಆಚೆ ಅವರ ಪೂಜೆಯ ಗಂಟೆ ನಿಲ್ಲಬೇಕು, ಮಣೆ ಎಳೆದ ಸದ್ದು ಕೇಳಬೇಕು. ಹಾಂ, ಈಗ ಕುಳಿತರು, ಎಂದುಕೊಂಡು ನಾನೂ ಮೊದಲ ಹೋಳು ಬಾಯಿಗಿಡುತ್ತಿದ್ದೆ. ಹಲ್ಲಿಲ್ಲದ ಬಾಯಿ, ನಿಧಾನವಾಗಿ ತಿನ್ನುತ್ತಾರೆ ಎಂದು ನಾನೂ ನಿಧಾನ ಮಾಡುತ್ತಿದ್ದೆ. ಅಂಜೂರ ಸಿಕ್ಕಾಗ, ಅವರಿಗೂ ಈಗ ಅಂಜೂರ ಸಿಕ್ಕಿರಬಹುದು ಎಂದುಕೊಳ್ಳುತ್ತಿದ್ದೆ. ಹುಚ್ಚು ಎನ್ನಿ. ಆ ಸಂಜೆಗಳಲ್ಲಿ ಮಾತ್ರ ನಾನು ಒಬ್ಬಳೇ ಉಣ್ಣುತ್ತಿರಲಿಲ್ಲ. ಉಳಿದ ಸಂಜೆಗಳಲ್ಲಿ ಅನ್ನ ಕಲಸಿ, ನೋಡಿ, ನೀರು ಹಾಕಿ ಮುಚ್ಚಿಡುತ್ತಿದ್ದೆ. ಹಣ್ಣಿದ್ದಷ್ಟು ದಿನ ಹಾಗೆ ನಡೆಯಿತು, ಒಂದು ಚಳಿಗಾಲ, ಮತ್ತೊಂದು ಚಳಿಗಾಲ.

ಮೂರನೆಯದರಲ್ಲಿ, ಸಂಕ್ರಾಂತಿ ಆದ ಮೇಲೆ, ನನ್ನ ಗಂಡ ಬಂದು ಹೇಳಿದರು. ಸಾಹುಕಾರರು ಸಿರುಗುಪ್ಪದಲ್ಲೇ ಅಕ್ಕಿ ಗಿರಣಿ ಹಾಕುತ್ತಿದ್ದಾರೆ, ಇನ್ನು ಕೆಲಸ ವರ್ಷವಿಡೀ ಅಲ್ಲೇ, ಯುಗಾದಿಗೆ ಮನೆ ಮಾಡೋಣ ಎಂದು. ನಾನು ಕಾದದ್ದೇ ಆ ಮಾತಿಗೆ. ಆದರೂ ಅವರು ಹೋದ ಮೇಲೆ, ಒಡತಿಗೆ ಇದನ್ನು ಹೇಗೆ ಹೇಳುವುದೆಂಬ ಚಿಂತೆ ಹತ್ತಿತು. ಬಾವಿಕಟ್ಟೆಯಲ್ಲಿ ಎರಡು ಸಲ ಬಾಯಿ ತೆರೆದು, ಹಗ್ಗ ಸವೆದಿದೆ ಎಂದಷ್ಟೇ ಹೇಳಿ ಬಂದೆ. ರಸಾಯನ ಕೊಡುವಾಗ ಹೇಳಿದರಾಯಿತು, ಸಿಹಿ ಕೈಯಲ್ಲಿದ್ದರೆ ಮಾತೂ ಸಲೀಸು ಎಂದುಕೊಂಡೆ.

ಆ ಸಂಜೆ ಬಟ್ಟಲು ಇಟ್ಟೆ, ಅವರು ಎತ್ತಿಕೊಂಡರು, ನಾನು ಹೇಳಲಿಲ್ಲ. ಪೆಚ್ಚಾಗಿ ತಿರುಗಿ ಬಂದು ನೋಡಿದರೆ, ಬಿಡಿಸಿಟ್ಟ ದಾಳಿಂಬೆ ತಟ್ಟೆಯಲ್ಲೇ ಉಳಿದಿದೆ. ಒಳ್ಳೆಯದಾಯಿತು, ಇದನ್ನು ಕೊಡುವ ನೆಪದಲ್ಲಿ ಇನ್ನೊಮ್ಮೆ ಹೋಗಬಹುದು ಎಂದು ಕಾಳನ್ನು ಎಲೆಯಲ್ಲಿ ಕಟ್ಟಿಕೊಂಡೆ. ಮುಂಬಾಗಿಲು ಹಾಕಿತ್ತು. ಹಿತ್ತಿಲಿನಿಂದ ಹೋದೆ.

ಅವರು ಕೊಟ್ಟಿಗೆಯಲ್ಲಿ ಇದ್ದರು. ನನ್ನ ಬಟ್ಟಲು ಅವರ ಕೈಯಲ್ಲಿತ್ತು. ಅದನ್ನು ಗೋದಲಿಗೆ ಬಗ್ಗಿಸಿ ಬೆರಳಿನಿಂದ ಬಳಿದು ಹಾಕುತ್ತಿದ್ದರು. ಹಸು ಅಂಜೂರ, ಬಾಳೆ, ಪೇರಲ ಎಲ್ಲವನ್ನೂ ನೆಕ್ಕುತ್ತಿತ್ತು. "ತಿನ್ನವಾ, ತಿನ್ನು. ಪಾಪ, ಮಧ್ಯಾಹ್ನದಿಂದ ಕೂತು ಹೆಚ್ಚ್ಯಾಳ" ಎಂದು ಅದರ ಕತ್ತು ಸವರುತ್ತಿದ್ದರು.

ನನ್ನ ಮೈಯೆಲ್ಲ ಉರಿಯಿತು. "ದನಕ್ಕ ಹಾಕಾಕ ನಾ ಇಷ್ಟು ದಿನ ಮಾಡಿದ್ನೇನ್ರಿ ಅಮ್ಮಾರ?" ಎಂದೆ. ಓಣಿಗೆ ಕೇಳುವಷ್ಟು ಜೋರಾಗಿಯೇ ಅಂದೆ.

ಅವರು ಬೆಚ್ಚಿ ತಿರುಗಿದರು. ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಲು ಹೋಗಿ, ಅದು ಆಗದು ಎಂದು ತಿಳಿದು ಕೈ ಕೆಳಗಿಳಿಸಿದರು.

"ಚೆಲ್ಲಿಲ್ಲ ತಾಯಿ. ಒಂದು ದಿನಾನೂ ಚೆಲ್ಲಿಲ್ಲ. ಆಕಳಿಗೆ ಕೊಟ್ಟದ್ದು ಪುಣ್ಯ."

"ನಿಮಗ ಯಾಕ ಬ್ಯಾಡಾತು? ಹಣ್ಣಿಗೆ ದೋಷ ಇಲ್ಲ ಅಂದವ್ರು ನೀವಾ ಅಲ್ಲೇನು?"

"ಹಣ್ಣಿಗಿಲ್ಲ. ನೀ ಉಪ್ಪು ಹಾಕ್ತೀ. ಉಪ್ಪು ಬಿದ್ರ ಅದು ಅಡಿಗಿ ಆತು. ಮೊದಲನೇ ದಿನಾನ ಒಂದು ಹೋಳು ಬಾಯಾಗ ಇಟ್ಕೊಂಡೆ. ಗೊತ್ತಾತು. ಉಗುಳಿ, ತಣ್ಣೀರು ಸ್ನಾನ ಮಾಡಿ ಮಲಗಿದೆ. ಅಲ್ಲಿಂದ ನಿನ್ನ ಬಟ್ಟಲು ಮುಟ್ಟಿದ ರಾತ್ರಿ ಮತ್ತ ಏನೂ ತಿನ್ನಂಗಿಲ್ಲ."

ಉಪ್ಪು! ಒಂದು ಚಿಟಿಕೆ ಉಪ್ಪು. ನಮ್ಮ ಮನೆಯಲ್ಲಿ ಉಪ್ಪು ಹಾಕದಿದ್ದರೆ ತಪ್ಪು, ಅವರ ಮನೆಯಲ್ಲಿ ಹಾಕಿದರೆ ತಪ್ಪು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಎಷ್ಟು ಸಂಜೆ ನಾನು ಗೋಡೆಗೆ ಒರಗಿ ಅವರ ಜೊತೆ ತಿಂದೆನೋ, ಅಷ್ಟು ಸಂಜೆ ಆಚೆ ಅವರು ಪೂಜೆಯ ಮಣೆ ಸರಿಸಿಟ್ಟು ಫಲಾಹಾರವೂ ಇಲ್ಲದೆ ಬರಿ ಹೊಟ್ಟೆಯಲ್ಲಿ ಮಲಗಿದ್ದರು. ನನಗೆ ಅಳು ಬಂತು. ಸಿಟ್ಟೂ ಇಳಿದಿರಲಿಲ್ಲ.

"ಅವತ್ತಾ ಹೇಳಿದ್ರ ಏನಾಗ್ತಿತ್ತು? ಉಪ್ಪು ಬಿಟ್ಟು ಮಾಡ್ತಿದ್ದೆ!"

"ರೊಟ್ಟಿ ಬ್ಯಾಡ ಅಂದಾಗ ನಿನ್ನ ಮಾರಿ ನೋಡಿದ್ದೆನಲ್ಲ" ಎಂದರು ಅವರು. "ಇದನ್ನೂ ಬ್ಯಾಡ ಅಂದ್ರ ಮತ್ತ ಬಾಗಿಲಿಗೆ ಬರ್ತೀಯೋ ಇಲ್ಲೋ ಅಂತ ಸುಮ್ಮನಿದ್ದೆ. ಈ ಮನಿ ಬಾಗಿಲಿಗೆ ಬ್ಯಾರೆ ಯಾರು ಬರ್ತಾರ, ಹೇಳು?"

ದಾಳಿಂಬೆಯ ಎಲೆಯನ್ನು ಕಟ್ಟೆಯ ಮೇಲಿಟ್ಟು ಬಂದುಬಿಟ್ಟೆ. ಆ ಹೊತ್ತು ನನ್ನ ಪಾಲಿನ ರಸಾಯನವನ್ನು ತಿನ್ನಲು ಆಗಲಿಲ್ಲ.

ಮರುದಿನ ಈಳಿಗೆ, ಹಣ್ಣಿನ ಬುಟ್ಟಿ, ಬೆಲ್ಲದ ಉಂಡೆ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಅವರ ಹೊಸ್ತಿಲ ಹೊರಗೆ ಕುಳಿತೆ. ಅವರು ಒಳಗೆ ಕುಳಿತರು. ಅವರ ಕಣ್ಣೆದುರಿಗೇ ಹೆಚ್ಚಿದೆ. "ಬಾಳಿಹಣ್ಣು ಈಗ ಬ್ಯಾಡ, ಕರ್ರಗಾಗ್ತದ" ಎಂದು ನನಗೇ ಬುದ್ಧಿ ಹೇಳಿದರು. ಇಷ್ಟು ವರ್ಷ ಹೆಚ್ಚಿದವಳು ನಾನು! ಉಪ್ಪು ಮುಟ್ಟಲಿಲ್ಲ. ಎರಡು ಮುತ್ತುಗದ ಎಲೆಗೆ ಹಾಕಿ ಒಂದನ್ನು ಹೊಸ್ತಿಲ ಆಚೆ ಸರಿಸಿದೆ. ಅವರು ಕೃಷ್ಣಾ ಎಂದು ಒಂದು ಅಂಜೂರದ ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನನಗೆ ಮಾತ್ರ ಸಪ್ಪೆಯೋ ಸಪ್ಪೆ. ನಮ್ಮವ್ವ ಹೇಳಿದ್ದು ಸುಳ್ಳಲ್ಲ. ಆದರೂ ಎದುರಿಗೆ ಒಂದು ಮುಖ, ಒಂದು ಅಲ್ಲಾಡುವ ಬಾಯಿ. ಕುರುಗೋಡು ಬಿಟ್ಟ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಗಬಗಬ ತಿನ್ನತೊಡಗಿದೆ.

ಅರ್ಧ ಎಲೆ ಖಾಲಿಯಾದಾಗ ಧೈರ್ಯ ಮಾಡಿದೆ. "ಅಮ್ಮಾರ, ಯುಗಾದಿಗೆ ನಾವು ಸಿರುಗುಪ್ಪಕ್ಕ ಮನಿ ಎತ್ತತೀವ್ರಿ. ಗಿರಣಿ ಕೆಲಸ ಅಲ್ಲೇ ಅಂತ."

ಅವರ ಕೈ ಎಲೆಯ ಮೇಲೆ ನಿಂತಿತು. ಒಳ್ಳೆಯದಾಗಲಿ ಎನ್ನುತ್ತಾರೆ, ಇಲ್ಲವೇ ಬಾಡಿಗೆಯ ಮಾತೆತ್ತುತ್ತಾರೆ ಎಂದುಕೊಂಡೆ. ಎರಡೂ ಇಲ್ಲ. ತಮ್ಮ ಎಲೆಯಲ್ಲಿದ್ದ ಹೋಳುಗಳನ್ನು ಬೆರಳಿನಿಂದ ಒಂದೊಂದಾಗಿ ದೂರ ದೂರ ಸರಿಸಿದರು. ನಾನು ಇನ್ನೊಂದು ತುತ್ತು ಎತ್ತಿದ್ದನ್ನು ನೋಡಿದರು.

"ಸಾವಕಾಶ ತಿನ್ನು" ಎಂದರು. "ಮುಗದ್ರ ಎದ್ದು ಹೋಗ್ತೀ."