ಅತ್ತೆ ಹಚ್ಚಿದ ಅರಿಶಿನ

ಮದುವೆಯಾದ ವರ್ಷವೇ ಯಾದಗಿರಿ ಕಡೆಯಿಂದ ಪುಣೆಗೆ ಬಂದೆವು. ಅಲ್ಲಿನ ವಾಕಡದಲ್ಲಿ ಏಳುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಮನೆ. ಗಂಡ ಗೋಡೆ ಕಟ್ಟುವ ಗೌಂಡಿ, ನಾನು ಅವನಿಗೆ ಸಿಮೆಂಟು ಹೊತ್ತುಕೊಡುತ್ತಿದ್ದೆ. ಆಗ ಅವನು ಬೈಯುತ್ತಿದ್ದ, ಕೈ ಎತ್ತುತ್ತಿರಲಿಲ್ಲ.

ಮಗಳು ಹುಟ್ಟಿ ಎರಡು ವರ್ಷಕ್ಕೆ, ಮೇಲಿನ ಹಲಗೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಅವನು ಮನೆಯಲ್ಲಿ ಕೂತ. ನಾನು ಮಂಗಳೂರು ಕಡೆಯವರ ಹೋಟೆಲಿನಲ್ಲಿ ತರಕಾರಿ ಹೆಚ್ಚಲು ಸೇರಿದೆ. ಮನೆ ನನ್ನ ದುಡಿಮೆಯ ಮೇಲೆ ನಿಂತಿತು. ಅಲ್ಲಿಂದ ಅವನ ಸಂಶಯ ಶುರುವಾಯಿತು.

"ಇಷ್ಟೊತ್ತು ಯಾರ ಜೋಡಿ ನಿಂತಿದ್ದಿ?"

ಹೊಡೆತಕ್ಕೆ ಅವನ ಕುಡಿತವೇ ಕಾರಣ ಅಂದುಕೊಂಡಿದ್ದೆ. ಕುಡಿಯದ ದಿನವೂ ಹೊಡೆದ. ಮೊದಮೊದಲು ಅಳುತ್ತಿದ್ದೆ. ಆಮೇಲೆ ಅವನು ಎದ್ದು ಬರುವುದು ಕಂಡರೆ ಒಲೆ ಆರಿಸಿ, ಗೋಡೆಗೆ ಒರಗಿ ಕೂರುತ್ತಿದ್ದೆ. ಏಟು ಬೇರೆ ಯಾರಿಗೋ ಬೀಳುತ್ತಿದೆ ಅನ್ನಿಸುತ್ತಿತ್ತು. ತವರಿಗೆ ಫೋನ್ ಮಾಡಿದರೆ ಅವ್ವ, "ಗಂಡಸರು ಹಂಗ ಇರ್ತಾರ, ತಡಕೋ" ಅಂದಳು.

ಪೆಟ್ಟಾದ ತಮ್ಮ ಮಗನನ್ನು ನೋಡಿಕೊಳ್ಳಲು ಅತ್ತೆ ಊರಿನಿಂದ ಬಂದರು. ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅವರೆದುರಿಗೇ ಹೊಡೆದ. ಅತ್ತೆ ಜೋಳ ಹಸನು ಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಅವನು ಹೊರಗೆ ಹೋದ ಮೇಲೆ ಅರಿಶಿನ ಕಲಸಿ ತಂದು ನನ್ನ ತೋಳಿಗೆ ಹಚ್ಚಿದರು.

"ನಿಮ್ಮ ಮಾವ ನನಗೂ ಹೊಡೀತಿದ್ದ. ನಿನ್ನ ಗಂಡ ಆಗ ಸಣ್ಣಾವ. ಮೊದಲ ನನ್ನ ಸೆರಗ ಹಿಡಕೊಂಡು ಅಳತಿದ್ದ. ಆಮ್ಯಾಲ ಅಳೂದ ಬಿಟ್ಟ. ತನ್ನ ಪಾಡಿಗೆ ಉಣ್ಕೋತ ಕುಂತಿರ್ತಿದ್ದ."

ನಾನು ತಿರುಗಿ ಮಗಳನ್ನು ನೋಡಿದೆ. ಮೂಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು.

"ಇಕಿನ್ನ ಕರ್ಕೊಂಡು ಹೋಗ್ತೀನ್ರಿ ಅತ್ತಿ."

ಅವರು ಬೇಡ ಅನ್ನಲಿಲ್ಲ. "ಅಂವ ಬರೂದ್ರಾಗ ಹೋಗು" ಎಂದು ಮಗುವಿನ ಕೈ ತೊಳೆದು ಚಪ್ಪಲಿ ಹಾಕಿದರು.

ಹೋಟೆಲಿನ ಯಜಮಾನರ ಹೆಂಡತಿ ಏನೂ ಕೇಳದೆ ಕೆಲಸದ ಹೆಂಗಸರ ಕೋಣೆಯಲ್ಲಿ ಜಾಗ ಕೊಟ್ಟರು. ಗಂಡ ಬಂದು ಬಾಗಿಲಲ್ಲಿ ಕೂಗಾಡಿದ. ಅವರು ಮರಾಠಿಯಲ್ಲಿ ಗದರಿ, ಪೊಲೀಸರನ್ನು ಕರೆಯುತ್ತೇನೆ ಅಂದ ಮೇಲೆ ಹೋದ. ಮತ್ತೆ ಬರಲಿಲ್ಲ.

ಈಗ ಪುಣೆಯದೇ ಖಡಕಿಯಲ್ಲಿ, ಹೋಟೆಲಿನ ಅಡುಗೆಮನೆಯ ಇನ್ನೊಬ್ಬಳ ಜೊತೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೇನೆ. ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಮೊನ್ನೆ ಅತ್ತೆ ಫೋನ್ ಮಾಡಿದ್ದರು.

"ಈಗ ನನ್ನ ಮ್ಯಾಲ ಕೈ ಮಾಡ್ತಾನವ್ವಾ."

"ನೀವೂ ಇಲ್ಲಿಗೆ ಬಂದು ಬಿಡ್ರಿ."

"ಹೆತ್ತ ಮಗನ್ನ ಬಿಟ್ಟು ಹೆಂಗ ಬರ್ಲಿ?"

ಅವರು ಅಳುವುದು ಕೇಳಿಸುತ್ತಿತ್ತು. ನನಗೂ ಅಳು ಬರಬೇಕಿತ್ತು, ಬರಲಿಲ್ಲ. ಅವರಾಗಿಯೇ ಫೋನ್ ಇಡುವವರೆಗೂ ಕಿವಿಗೆ ಹಿಡಿದುಕೊಂಡೇ ಇದ್ದೆ.