ಬಂಡೆಪ್ಪನ ಗಾಡಿಯ ಶಿಳ್ಳೆ

ಖಾನಾಪುರದ ಬಂಡೆಪ್ಪನಿಗೆ ಎರಡರ ಮೇಲೆ ವಿಪರೀತ ಅಭಿಮಾನ: ಒಂದು ಮಗಳು ಮನಿಷಾ, ಇನ್ನೊಂದು ಅವನ ಗಾಡಿಯ ಟರ್ಬೊ. ಮಗಳ ಮೇಲಿನ ಅಭಿಮಾನಕ್ಕೆ ಕಾರಣವಿತ್ತು.

ಅವನ ಅಪ್ಪ ಕುರಿ ಕಾಯ್ದವನು. ಬಂಡೆಪ್ಪ ಕುರಿ ಮಾರಿ ಹಳೆಯ ಡೀಸೆಲ್ ಗಾಡಿ ಕೊಂಡ. ಖಾನಾಪುರದಿಂದ ಬೆಳಗಾವಿಗೆ ದಿನಾ ಮಂದಿ ಸಾಗಿಸಿದ. ಹತ್ತು ಜನ ಕೂರಬಹುದೆಂದು ಕಂಪನಿಯವರು ಹೇಳಿದ್ದರು. ಬಂಡೆಪ್ಪ ಹದಿನಾರು ಜನರನ್ನು ತುಂಬುತ್ತಿದ್ದ. ಆ ಹದಿನಾರರಲ್ಲಿ, ಬೆಳಗಾವಿಯಲ್ಲಿ ಗುಮಾಸ್ತನಾಗಿದ್ದ ನಾನೂ ಒಬ್ಬ. ಎರಡು ಸಾವಿರದ ಒಂದನೇ ಇಸವಿಯ ಮಾತಿದು.

ಗಾಡಿಗೆ ಕಂಪನಿಯವರೇ ಕೂಡಿಸಿದ ಟರ್ಬೊ ಇತ್ತು. ಹೊರಹೋಗುವ ಹೊಗೆಯ ರಭಸಕ್ಕೆ ತಿರುಗುತ್ತ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಚಕ್ರ ಅದು. ಗಾಳಿ ಮಿತಿ ಮೀರದಂತೆ ತಡೆಯಲು ಪಕ್ಕದಲ್ಲೊಂದು ಕಡ್ಡಿ. ಮೂರು ಲಕ್ಷ ಕಿಲೋಮೀಟರು ತಿರುಗಿ ಆ ಚಕ್ರ ಸುಸ್ತಾಗಿತ್ತು. ಆದರೆ ಅದೇ ದಾರಿಯಲ್ಲಿ ಡ್ರೈವರ್ ಈರಯ್ಯನವರು ಓಡಿಸುವ ಕೆಂಪು ಸರ್ಕಾರಿ ಬಸ್ಸು ಏರಿನಲ್ಲಿ ತನ್ನನ್ನು ಹಿಂದೆ ಹಾಕಿದ ದಿನವೇ ಬಂಡೆಪ್ಪನಿಗೆ ಅನ್ನ ರುಚಿಸದಾಯಿತು.

ಮರುದಿನ ಬೆಳಗಾವಿಯ ಆಟೋ ನಗರದ ಮೆಕ್ಯಾನಿಕ್ ಸಿದರಾಯನ ಮುಂದೆ ಹಾಜರು. ಮನಿಷಾಳೂ ಜೊತೆಗಿದ್ದಳು, ನರ್ಸಿಂಗ್ ತರಬೇತಿಗೆ ಅರ್ಜಿ ಕೊಡಲು ಬಂದಿದ್ದಳು.

"ಸಿದರಾಯಣ್ಣ, ಆ ಕಡ್ಡಿ ಸ್ವಲ್ಪ ಬಿಗಿ ಮಾಡು. ಗಾಳಿ ಜಾಸ್ತಿ ಹೋಗ್ಲಿ," ಎಂದ ಬಂಡೆಪ್ಪ.

ಸಿದರಾಯ ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿದ. "ಇದು ಮುದುಕ ಆಗೇತಿ, ಬಂಡೆಪ್ಪ. ಹೊಸಾದ್ರ ತಡಕೊಂತೈತಿ. ಇದರ ಸೀಲ್ ಒಡದ್ರ ಇಂಜಿನ್ ತನ್ನ ಎಣ್ಣಿ ತಾನಽ ಕುಡದು ಓಡ್ತೈತಿ. ಆಗ ಚಾವಿ ತಗದ್ರೂ ನಿಲ್ಲೂದಿಲ್ಲ. ಗಾಳಿ ಬಂದ್ ಮಾಡಿದ್ರ ಅಷ್ಟಽ ನಿಲ್ತೈತಿ."

ಮನಿಷಾ ಕೇಳಿಸಿಕೊಂಡಳು. ಬಂಡೆಪ್ಪ, ಕಂಡ ಕಂಡಲ್ಲಿ ಭಯ ಹುಟ್ಟಿಸುವುದು ಮೆಕ್ಯಾನಿಕ್ಕರ ದಂಧೆ ಎಂದುಕೊಂಡು ಮನೆಗೆ ಬಂದು ತಾನೇ ಪಾನಾ ಹಿಡಿದು ಕಡ್ಡಿಯ ನಟ್ಟು ಬಿಗಿದ. ಮೊದಲು ಒಂದು ಸುತ್ತು. ಗಾಡಿ ಜಿಗಿಯಿತು. ವಾರ ಬಿಟ್ಟು ಇನ್ನೆರಡು ಸುತ್ತು. ಈಗ ಟರ್ಬೊ ಶಿಳ್ಳೆ ಹಾಕತೊಡಗಿತು.

ಆ ಶಿಳ್ಳೆಗೆ ಖಾನಾಪುರವೇ ಮರುಳಾಯಿತು ನೋಡಿ! ಬೇರೆ ಗಾಡಿ ಖಾಲಿ ನಿಂತಿದ್ದರೂ ಜನ ಶಿಳ್ಳೆಯ ಗಾಡಿಗೇ ಕಾದು ನಿಲ್ಲುತ್ತಿದ್ದರು. ಬಸ್ಸನ್ನು ಹಿಂದೆ ಹಾಕುವಾಗ ಬಂಡೆಪ್ಪ ಉದ್ದಕ್ಕೆ ಹಾರ್ನ್ ಒತ್ತುತ್ತಿದ್ದ, ನಾವು ಕಿಟಕಿಯಿಂದ ಈರಯ್ಯನವರಿಗೆ ಕೈ ಬೀಸುತ್ತಿದ್ದೆವು. ಸವೆದ ಬೇರಿಂಗಿನ ಗೋಳು ಅದು ಎಂದು ಹದಿನಾರು ಜನರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಪ್ರತಿ ಅಮಾವಾಸ್ಯೆ ಬಂಡೆಪ್ಪ ಬೀರದೇವರ ಭಂಡಾರ ತಂದು ಟರ್ಬೊಗೆ ಹಚ್ಚುತ್ತಿದ್ದ. ಅರ್ಧ ದಾರಿಯವರೆಗೆ ಗಾಡಿಯೊಳಗೆ ಸುಟ್ಟ ಅರಿಸಿನದ ವಾಸನೆ. ಇಂಜಿನ್ ಎಣ್ಣೆ ಬದಲಿಸಿ ಎಷ್ಟು ತಿಂಗಳಾಗಿತ್ತೋ, ಅದನ್ನು ದೇವರೂ ಕೇಳಲಿಲ್ಲ.

ಮನಿಷಾಳಿಗೆ ಸಂದರ್ಶನದ ಪತ್ರ ಬಂತು. ಬೆಳಿಗ್ಗೆ ಹತ್ತಕ್ಕೆ ಬೆಳಗಾವಿಯಲ್ಲಿರಬೇಕು. ಹೆಸರು ಕೂಗಿದಾಗ ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಎರಡು ವರ್ಷದಿಂದ ಆ ಹುಡುಗಿ ಇದೊಂದನ್ನೇ ಕಾಯುತ್ತಿದ್ದಳು.

"ಎಂಟೂವರಿ ಬಸ್ಸಿಗಿ ಹೋಗ್ಲಿ ಬಿಡ್ರಿ," ಎಂದಳು ಹೆಂಡತಿ ಮಾಯವ್ವ.

"ಟರ್ಬೊ ಮನ್ಯಾಗ ಇಟಕೊಂಡು ಮಗಳ್ನ ಈರಯ್ಯನ ಬಸ್ಸಿಗಿ ಕಳಸ್ಲಿ? ಮಂದಿ ನಗೂದಿಲ್ಲೇನು? ಒಂಬತ್ತಕ್ಕ ಬಿಟ್ಟು ಅರ್ಧ ತಾಸಿನ್ಯಾಗ ಮುಟ್ಟಸ್ತೀನಿ."

ಒಂಬತ್ತಕ್ಕೆ ಹೊರಟೆವು. ಬಸ್ಸು ಅಂದು ತಡವಾಗಿತ್ತು. ದೇಸೂರಿನ ಹತ್ತಿರ ಸಿಕ್ಕಿತು. ಬಂಡೆಪ್ಪ ಹಾರ್ನ್ ಒತ್ತಿ ಮುಂದೆ ನುಗ್ಗಿದ. ಊರು ದಾಟುವಷ್ಟರಲ್ಲಿ ಶಿಳ್ಳೆ ಕಿರುಚಾಟವಾಯಿತು, ಆಮೇಲೆ ಠಣ್ ಎಂದಿತು. ಹಿಂದೆಲ್ಲ ಬಿಳಿ ಹೊಗೆ. ಬಂಡೆಪ್ಪ ಹೇಗೋ ರಸ್ತೆಯ ಬದಿಗೆ ನಿಲ್ಲಿಸಿ ಚಾವಿ ತೆಗೆದ. ಇಂಜಿನ್ ನಿಲ್ಲಲಿಲ್ಲ. ನಿಲ್ಲುವುದಿರಲಿ, ಇನ್ನೂ ಜೋರಾಗಿ ಅರಚತೊಡಗಿತು. ನಾವು ಹದಿನಾರು ಜನ ಬಾಗಿಲು ಕಿಟಕಿ ನೋಡದೆ ಜಿಗಿದೆವು. ಬಂಡೆಪ್ಪ ಚಾವಿ ಹಿಡಿದು ಕೆಳಗಿಳಿದು ಬೆಪ್ಪನಂತೆ ನಿಂತ.

"ಅಪ್ಪಾ, ಗಾಳಿ ಬಂದ್ ಮಾಡು!" ಎಂದು ಕೂಗಿದವಳು ಮನಿಷಾ. ಡ್ರೈವರ್ ಸೀಟಿನ ಮೇಲೆ ಹಾಸಿದ್ದ ಅಜ್ಜನ ಕರಿ ಕಂಬಳಿಯನ್ನು ಎಳೆದು ಅಪ್ಪನ ಮೇಲೆಸೆದಳು.

ಬಂಡೆಪ್ಪ ಬಾನೆಟ್ ಎತ್ತಿ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ ಕಿತ್ತು, ಅದರ ಬಾಯಿಗೆ ಕಂಬಳಿ ಒತ್ತಿ ಮೈಭಾರ ಹಾಕಿ ನಿಂತ. ಅಷ್ಟರಲ್ಲಿ ಕೆಂಪು ಬಸ್ಸು ಬಂತು. ನಮಗೂ ಈಗ ಉದ್ದನೆಯ ಹಾರ್ನ್ ಕಾದಿದೆ ಎಂದುಕೊಂಡೆ. ಅಲ್ಲಿ ಸ್ಟಾಪ್ ಇಲ್ಲ, ಈರಯ್ಯ ನಿಲ್ಲಿಸಿದರು.

"ಹತ್ತವ್ವಾ ತಂಗಿ. ಇಂಟರ್ವ್ಯೂದಾಕಿ ಅಲ್ಲ ನೀ? ಲಗೂ ಹತ್ತು."

ಬಂಡೆಪ್ಪನ ಕೈಕೆಳಗೆ ಇಂಜಿನ್ ಇನ್ನೂ ಪೂರ್ತಿ ನಿಂತಿರಲಿಲ್ಲ. ಕಂಬಳಿ ಬಿಡುವಂತಿರಲಿಲ್ಲ, ತಿರುಗಿ ನೋಡುವಂತಿರಲಿಲ್ಲ. ಮಗಳು ಹತ್ತಿದಳು. ಅವಳ ಬೆನ್ನಿಗೆ ನಾವೂ ಹತ್ತಿದೆವು. ಇಷ್ಟು ದಿನ ಕೈ ಬೀಸಿದವರು ಈರಯ್ಯನವರ ಮುಖ ನೋಡದೆ ಟಿಕೆಟ್ ತೆಗೆದುಕೊಂಡೆವು. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹತ್ತಕ್ಕೆ ಐದು ನಿಮಿಷವಿರುವಾಗ ಮನಿಷಾ ಮುಟ್ಟಿದಳು. ಸೀಟು ಸಿಕ್ಕಿತು.

ಸಿದರಾಯ ಇಂಜಿನ್ ಬಿಚ್ಚಿ, ಬೇರೆ ಟರ್ಬೊ ಕೂಡಿಸಿ, ಕಡ್ಡಿಯ ನಟ್ಟಿಗೆ ಕೆಂಪು ಬಣ್ಣ ಬಳಿದ. ಮುಟ್ಟಿದರೆ ಗೊತ್ತಾಗಲಿ ಎಂದು. ಆಮೇಲೆ ಗಾಡಿ ಸದ್ದಿಲ್ಲದೆ ಓಡತೊಡಗಿತು; ಜನ ಬೇರೆ ಗಾಡಿಗೆ ಹೋದರು.

ಮನಿಷಾ ಹಾಸ್ಟೆಲ್ಲಿಗೆ ಹೊರಟ ದಿನ ಬಂಡೆಪ್ಪ ಗಾಡಿ ತೊಳೆದು ಬಾಗಿಲ ಮುಂದೆ ತಂದ. "ನಡಿಯವ್ವ, ಸಾವಕಾಶ ಬಿಡ್ತೀನಿ."

"ಬ್ಯಾಡಪ್ಪ, ನಾ ಬಸ್ಸಿಗಿ ಹೋಗ್ತೀನಿ," ಎಂದಳು ಮನಿಷಾ. ಅಪ್ಪನ ಮುಖ ನೋಡಿ, ಟ್ರಂಕ್ ಎತ್ತಿ ಗಾಡಿಯತ್ತ ನಡೆದಳು. "ನನ್ನ ಟ್ರಂಕ್ ಗಾಡ್ಯಾಗ ಇಡ್ತೀನಿ. ನೀ ಬಸ್ಸಿನ ಹಿಂದ ಬಾ."

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ನಾನೇ ನೋಡಿದ್ದೇನೆ. ಬೆಳಗಾವಿ ಬರುವವರೆಗೂ ಬಂಡೆಪ್ಪ ಬಸ್ಸಿನ ಧೂಳು ತಿನ್ನುತ್ತ ಹಿಂದೆಯೇ ಬಂದ. ಖಾಲಿ ಗಾಡಿಯಲ್ಲಿ ಅವನ ಪಕ್ಕದ ಸೀಟಿನ ಮೇಲೆ ಟ್ರಂಕು, ಟ್ರಂಕಿಗೆ ಧೂಳು ಕೂರಬಾರದೆಂದು ಹೊದಿಸಿದ್ದ ಕಂಬಳಿ. ಏರಿನಲ್ಲಿ ಈರಯ್ಯ ಎಡಕ್ಕೆ ಸರಿದು, ಮುಂದೆ ಹೋಗು ಎಂದು ಎರಡು ಸಲ ಕೈ ಮಾಡಿದರು. ಬಂಡೆಪ್ಪ ಹೋಗಲಿಲ್ಲ.