ಎರಡನೇ ಪ್ರತಿಯ ಮೂಡುಗಾಳಿ

ಕೇರಳದ ವಿದ್ಯಾನಗರದಲ್ಲಿ ಗಾಳಿ ಬೀಸಿಸುವ ಅಧಿಕಾರ ಇದ್ದದ್ದು ಒಬ್ಬನಿಗೆ ಮಾತ್ರ. ಅವನು ಕಲೆಕ್ಟರನಲ್ಲ. ಸಿವಿಲ್ ಸ್ಟೇಶನ್ನಿನ ಒಂದು ಕಚೇರಿಯಲ್ಲಿ ಬಂದ ಕಾಗದಗಳಿಗೆ ಮುದ್ರೆ ಒತ್ತುವ ಗುಮಾಸ್ತ ಗೌರೀಶಂಕರ ಭಟ್ಟ. ಕಚೇರಿಯಲ್ಲಿ ಅವನ ತಲೆಯ ಮೇಲೆ ತಿರುಗುವ ಫ್ಯಾನನ್ನು ಒಂದು ಹಂತ ಜೋರು ಮಾಡಬೇಕಿದ್ದರೂ ಮೇಲಿನವರ ಮುಖ ನೋಡಬೇಕಿತ್ತು. ಆದರೆ ಸಂಜೆ ಮನೆಗೆ ಬಂದು, ಕಾಲು ತೊಳೆದು, ಕಂಪ್ಯೂಟರಿನ ಎದುರು ಕೂತನೆಂದರೆ ವಾಯು ವರುಣರಿಬ್ಬರೂ ಅವನ ಬಾಗಿಲಲ್ಲಿ ಪ್ಯೂನುಗಳ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು.

ಅದು ಹಳೆಯ ಮಹಾಯುದ್ಧದ ಕಾಲದ ವಿಮಾನಗಳನ್ನು ಹಾರಿಸಿ ಕಾದಾಡುವ ಆಟ. ಬರೀ ಆಡುವುದಲ್ಲ, ಬೇಕಾದವರು ತಮ್ಮದೇ ಕಾಳಗವನ್ನು ಕಟ್ಟಿಕೊಳ್ಳಲೂಬಹುದು. ಅಂಥ ಒಂದೊಂದು ಕಾಳಗಕ್ಕೂ ಮಿಷನ್ ಎಂದು ಹೆಸರು. ಶತ್ರು ಎಲ್ಲಿಂದ ಬರಬೇಕು, ಮೋಡ ಎಷ್ಟು ಎತ್ತರದಲ್ಲಿರಬೇಕು, ಗಾಳಿ ಯಾವ ದಿಕ್ಕಿನಿಂದ ಎಷ್ಟು ಜೋರಾಗಿ ಬೀಸಬೇಕು, ಎಲ್ಲವೂ ಕಟ್ಟುವವನ ಚಿತ್ತ. ಗೌರೀಶಂಕರನಿಗೆ ಹಾರಿಸಲು ಬರುತ್ತಿರಲಿಲ್ಲ. ಅವನು ಏರಿಸಿದ ವಿಮಾನ ಮರಕ್ಕೋ ಸಮುದ್ರಕ್ಕೋ ಸಮರ್ಪಣೆಯಾಗುವುದು ಖಚಿತ. ಹಾಡಲು ಬಾರದವರು ಸಂಗೀತ ಸಭೆಯ ಕಾರ್ಯದರ್ಶಿಗಳಾಗುವ ಹಾಗೆ ಅವನು ಹವಾಮಾನಕ್ಕೆ ಒಡೆಯನಾದ.

ಪ್ರತಿ ತಿಂಗಳ ಎರಡನೇ ಶನಿವಾರ, ಕಚೇರಿಗೆ ರಜೆ ಇದ್ದಾಗ, ಅವನ ಬಾಡಿಗೆ ಮನೆಯ ಜಗಲಿಯಲ್ಲಿ ಮಹಾಸಮರ. ಇದ್ದದ್ದು ಒಂದೇ ಕಂಪ್ಯೂಟರು, ವಿಮಾನ ನಡೆಸಲು ಒಂದೇ ಜಾಯ್‌ಸ್ಟಿಕ್ಕು. ಒಬ್ಬರಾದ ಮೇಲೆ ಒಬ್ಬರು ಅದೇ ಮಿಷನ್ ಹಾರಬೇಕು. ಶತ್ರುವನ್ನು ಕೆಡವಿದರೆ ಅಂಕ, ಮರಳಿ ಬಂದು ಸರಿಯಾಗಿ ಇಳಿಸಿದರೆ ಇಮ್ಮಡಿ ಅಂಕ. ಬರುವವರಲ್ಲಿ ಮುಖ್ಯ ವೀರ ಭುಜಂಗ. ಪೇಟೆಯಲ್ಲಿ ಪೈಂಟಿನ ಅಂಗಡಿ, ಅಂಗಡಿಗಿಂತ ದೊಡ್ಡ ಬಾಯಿ. ಜೊತೆಗೆ ಕಚೇರಿಯ ಇಬ್ಬರು ಮೂವರು. ಹಾರುವ ಮೊದಲು ತೆರೆಯ ಮೇಲೆ ಮಿಷನ್ನಿನ ಸೂಚನೆ ಬರುತ್ತದೆ: ಶತ್ರು ಇಂಥಲ್ಲಿ, ಗಾಳಿ ಇಂಥ ಕಡೆಯಿಂದ. ಅದನ್ನು ಬರೆಯುವವನೂ ಗೌರೀಶಂಕರನೇ. ಪಂಚಾಂಗದ ಮುಹೂರ್ತವನ್ನು ನಂಬುವ ಹಾಗೆ ಎಲ್ಲರೂ ಅದನ್ನು ನಂಬುತ್ತಿದ್ದರು.

ಗಾಳಿಯ ದಿಕ್ಕಿಗೆ ಯಾಕಿಷ್ಟು ಬೆಲೆ? ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದ ಯಾರಿಗಾದರೂ ಈ ಶಾಸ್ತ್ರ ಗೊತ್ತು. ಗಾಳಿಗೆ ಎದುರಾಗಿ ಹಿಡಿದ ಕೊಡೆ ಮಾತು ಕೇಳುತ್ತದೆ. ಹಿಂದಿನಿಂದ ಗಾಳಿ ನುಗ್ಗಿತೋ, ಕೊಡೆ ಒಂದು ದಾರಿ, ಕೊಡೆಯವನು ಒಂದು ದಾರಿ. ವಿಮಾನವನ್ನೂ ಗಾಳಿಗೆ ಮುಖ ಕೊಟ್ಟು ಇಳಿಸಬೇಕು. ಬೆನ್ನಿಗೆ ಗಾಳಿ ಬಿದ್ದರೆ ಅದು ರನ್‌ವೇಯಲ್ಲಿ ನಿಲ್ಲದೆ ಮುಂದಿನ ಮರಗಳನ್ನು ಮಾತಾಡಿಸಲು ಹೋಗುತ್ತದೆ.

ಈ ಶಾಸ್ತ್ರವನ್ನು ಎಲ್ಲರಿಗಿಂತ ಬೇಗ ಕಲಿತದ್ದು ಗೌರೀಶಂಕರನ ಹೆಂಡತಿ ವಸುಮತಿ. ಅವಳು ಕನ್ನಡ ಟೀಚರು. ಗಂಡ ಸಮುದ್ರಕ್ಕೆ ಬೀಳುವುದನ್ನು ಬೇಳೆ ಬೇಯುವಷ್ಟು ಹೊತ್ತು ನೋಡಿ ನೋಡಿ, ಒಂದು ದಿನ, "ಏಳಿ ಅತ್ಲಾಗಿ, ನಾನೊಮ್ಮೆ ಬೀಳುತ್ತೇನೆ" ಎಂದು ಕೂತವಳು ಬೀಳಲೇ ಇಲ್ಲ. ಅಂದಿನಿಂದ ಶನಿವಾರದ ಕಾಳಗಕ್ಕೂ ಸೇರಿದಳು. "ರನ್‌ವೇ ಹತ್ತಿರ ಗಾಳಿಚೀಲ ಒಂದು ನೆಡಲಿಕ್ಕೆ ಆಗುತ್ತದಾ? ಕಣ್ಣಿಗೆ ಕಂಡರೆ ಕೈಗೆ ಧೈರ್ಯ" ಎಂದು ಅವಳು ಕೇಳಿದಾಗ, ಗಂಡ ಪ್ರೀತಿಯಿಂದಲೇ ಕಂಬವೊಂದನ್ನು ನೆಟ್ಟು, ಗಾಳಿ ಬೀಸಿದತ್ತ ಉಬ್ಬುವ ಕೆಂಪು ಬಿಳಿ ಪಟ್ಟೆಯ ಬಟ್ಟೆಚೀಲವನ್ನು ಅದಕ್ಕೆ ಕಟ್ಟಿಕೊಟ್ಟಿದ್ದ. ಅವಳಿಗೆ ಅವನು ಕೊಟ್ಟ ಉಡುಗೊರೆಗಳಲ್ಲಿ ಅಳತೆ ಸರಿಹೋದದ್ದು ಅದೊಂದೇ.

೨೦೦೮ರ ಜೂನಿನಲ್ಲಿ ಅವಳಿಗೆ ಕುಂಬ್ಡಾಜೆಯ ಕಡೆಯ ಶಾಲೆಗೆ ವರ್ಗವಾಯಿತು. ಗುಡ್ಡ ಹತ್ತುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳ ತಮ್ಮ ಅವಿನಾಶ ಮಸ್ಕತ್ತಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಕಾರು ನೀಲಿ ಟರ್ಪಾಲಿನಡಿ ನಿದ್ರಿಸುತ್ತಿತ್ತು. ವಸುಮತಿ ಟರ್ಪಾಲು ಎಳೆದು, ಕುಂಞ ಆಶಾನರ ಬಳಿ ಡ್ರೈವಿಂಗ್ ಕಲಿಯಲು ಸೇರಿದಳು. ಆಶಾನ್ ಎಂದರೆ ಅಲ್ಲಿ ಗುರು. ಪಕ್ಕದಲ್ಲಿ ಕೂತು ಬ್ರೇಕು ತುಳಿಯುವ ಗುರು. ಜುಲೈ ತಿಂಗಳ ಒಂದು ಗುರುವಾರ ಟೆಸ್ಟು ಎಂದು ನಿಗದಿಯಾಯಿತು. ಕಂಬಗಳ ನಡುವೆ ಕಾರನ್ನು ಮುಂದೆ ಹಿಂದೆ ಓಡಿಸಿ ಎಚ್ ಅಕ್ಷರ ಬರೆಯಬೇಕು. ಕಂಬ ಬಿದ್ದರೆ ಮನೆಗೆ.

ಗೌರೀಶಂಕರ ಆ ಎಚ್ಚಿನಲ್ಲಿ ಮದುವೆಗೆ ಮೊದಲೇ ಎರಡು ಸಲ ಕಂಬ ಕೆಡವಿದ ಶೂರ. ಆಮೇಲೆ ತನಗೆ ಕಾರಿನಲ್ಲಿ ತಲೆ ತಿರುಗುತ್ತದೆ ಎಂದು ಊರೆಲ್ಲ ಹೇಳಿಕೊಂಡಿದ್ದ.

ಟೆಸ್ಟಿಗೆ ಐದು ದಿನ ಮೊದಲು ಆ ತಿಂಗಳ ಎರಡನೇ ಶನಿವಾರ. ಅದಕ್ಕೂ ಒಂದು ವಾರ ಮುಂಚೆ, ಭುಜಂಗ ಅಂಗಡಿಯ ಎದುರು ಹತ್ತು ಜನ ಕೇಳುವ ಹಾಗೆ ಕೂಗಿದ:

"ಎಂತ ಭಟ್ರೇ, ಮೂರು ತಿಂಗಳಿಂದ ಅಕ್ಕನದ್ದೇ ಗೆಲುವು! ಇನ್ನು ಕಾರೂ ಅವರೇ ಬಿಡುವುದಂತೆ. ನಿಮಗೆ ಉಳಿದದ್ದು ಎಂತ ಮಾರಾಯ್ರೆ, ಹಿಂದಿನ ಸೀಟಿನಲ್ಲಿ ಕೂತು ಗಾಳಿ ಬೀಸುವುದಾ?"

ಹತ್ತು ಜನ ನಕ್ಕರು. ಗೌರೀಶಂಕರನೂ ನಕ್ಕ. ಅವನ ನಗು ಬಾಯಲ್ಲೇ ಉಳಿಯಿತು. ಮಾತು ಒಳಗಿಳಿದು ಅಲ್ಲೊಂದು ಮನೆ ಕಟ್ಟಿತು.

ಪುರಾಣಗಳಲ್ಲಿ ದೇವತೆಗಳು ಅಪ್ಸರೆಯರನ್ನು ಕಳಿಸಿ ತಪಸ್ಸು ಕೆಡಿಸುತ್ತಾರೆ. ನಮ್ಮ ವಾಯುದೇವನಿಗೆ ಅಷ್ಟು ಖರ್ಚಿರಲಿಲ್ಲ. ಮಿಷನ್ನಿನ ಇನ್ನೊಂದು ಪ್ರತಿ ಮಾಡಿದ. ಗಾಳಿಯ ದಿಕ್ಕಿನ ಮನೆಯಲ್ಲಿ ಪಡುವಣದ ಇನ್ನೂರ ಎಪ್ಪತ್ತು ಡಿಗ್ರಿಯನ್ನು ಅಳಿಸಿ, ಮೂಡಣದ ತೊಂಬತ್ತು ಬರೆದ. ವೇಗ ಮೂರು ಪಟ್ಟು ಮಾಡಿದ. ಸೂಚನೆಯಲ್ಲಿ ಮಾತ್ರ 'ಪಡುವಣದಿಂದ ಮಂದಮಾರುತ' ಎಂದು ಇದ್ದದ್ದನ್ನು ಹಾಗೆಯೇ ಬಿಟ್ಟ. ಕೊನೆಗೆ, ಕೈ ಒಂದು ಕ್ಷಣ ತಡೆದರೂ, ರನ್‌ವೇಯ ಗಾಳಿಚೀಲವನ್ನು ಕಿತ್ತ.

ಆ ಶನಿವಾರ ವಸುಮತಿ ಗೋಳಿಬಜೆ ಕರಿಯುತ್ತ ಅಡುಗೆಮನೆಯಲ್ಲಿದ್ದಳು. ಅವಳ ಸರದಿ ಎಂದಿನಂತೆ ಕೊನೆಗೆ. ಉಳಿದವರೆಲ್ಲ ಸುಖದ ಪಡುಗಾಳಿಯಲ್ಲಿ ಹಾರಿ ಇಳಿದ ಮೇಲೆ ಗೌರೀಶಂಕರ ಎರಡನೇ ಪ್ರತಿಯನ್ನು ತೆರೆದ. ಅವಳು ಸೆರಗಿನಲ್ಲಿ ಕೈ ಒರೆಸುತ್ತ ಬಂದು, ಸೂಚನೆ ಓದಿ, ಏರಿದಳು. ಶತ್ರುಗಳಿಬ್ಬರನ್ನೂ ಕೆಡವಿದಳು. ಗಂಡ ಬರೆದಿದ್ದನಲ್ಲ, ಪಡುವಣಕ್ಕೆ ಮುಖ ಮಾಡಿ ಇಳಿಸಿದಳು. ವಿಮಾನ ನಿಲ್ಲಲಿಲ್ಲ. ರನ್‌ವೇ ಮುಗಿಯಿತು, ಮರ ಬಂತು.

"ಅಯ್ಯೋ ಅಕ್ಕಾ! ಎಣ್ಣೆಕೈಯಲ್ಲಿ ಹಿಡಿದದ್ದಾ?" ಎಂದ ಭುಜಂಗ.

"ಇನ್ನೊಮ್ಮೆ ನೋಡುತ್ತೇನೆ" ಎಂದಳು. ಇನ್ನೊಮ್ಮೆಯೂ ಮರ. ಮತ್ತೊಮ್ಮೆಯೂ ಅದೇ ಮರ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಒಳಗೆ ಹೋದಳು. ಭುಜಂಗ ವಿಜಯಿಯಾದ. ಮಾಡಿದ ಘನಕಾರ್ಯಕ್ಕೆ ಗೌರೀಶಂಕರನ ಪಾಲಿಗೆ ಬಂದದ್ದು ತಟ್ಟೆಯಲ್ಲಿ ಉಳಿದಿದ್ದ ಒಂದು ಗೋಳಿಬಜೆ. ಅದೂ ತಣ್ಣಗಾಗಿತ್ತು.

ಭಾನುವಾರ ಬೆಳಿಗ್ಗೆ ಅವಳು ಫೋನಿನಲ್ಲಿ ಹೇಳುವುದು ಕೇಳಿಸಿತು: "ಇಲ್ಲ ಆಶಾನ್, ಗುರುವಾರ ನಾನು ಬರುವುದಿಲ್ಲ. ಕೈಗೆ ಅಂದಾಜೇ ಸಿಗುವುದಿಲ್ಲ. ಎಲ್ಲಿ ನಿಲ್ಲುತ್ತದೆ ಅಂತ ಎಣಿಸುತ್ತೇನೋ ಅಲ್ಲಿ ನಿಲ್ಲುವುದೇ ಇಲ್ಲ. ನಾಳೆ ಗುಡ್ಡದ ತಿರುವಿನಲ್ಲಿ ಹೀಗಾದರೆ?"

ಕಾರಿನ ಮೇಲೆ ಮತ್ತೆ ನೀಲಿ ಟರ್ಪಾಲು ಬಿತ್ತು.

ಗೌರೀಶಂಕರನಿಗೆ ಬೇಕಿದ್ದದ್ದು ಒಂದು ಶನಿವಾರದ ಸೋಲು ಮಾತ್ರ. ಮರಕ್ಕೆ ಬಡಿದ ವಿಮಾನ ತೆರೆಯಿಂದ ಹೊರಬಂದು ಅಂಗಳದ ಕಾರಿನ ಮೇಲೆ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು? ಸೋಮವಾರ ಕಚೇರಿಯಲ್ಲಿ ಅವನು ಮುದ್ರೆಯನ್ನು ತಲೆಕೆಳಗಾಗಿ ಒತ್ತಿದ. ಕಿಟಕಿಯಾಚೆ ಬಾಳೆಯೆಲೆ ಅಲ್ಲಾಡಿದರೂ ದೂರು ಹೇಳಿದಂತೆ ಕಂಡಿತು. ಮನೆಗೆ ಬಂದರೆ ಒಣಹಾಕಿದ ಅವನದೇ ಪಂಚೆ ಗಾಳಿಗೆ ಉಬ್ಬಿ, ಗಾಳಿಚೀಲದ ಹಾಗೆ ಅವನ ಕಡೆಗೇ ಬೊಟ್ಟು ಮಾಡಿತು. ವಸುಮತಿ ಒಂದು ಮಾತು ಬೈದಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಅವಳು ಗಂಜಿ ಬಡಿಸುತ್ತ, "ನೀವು ಮಿಷನ್ ಅಷ್ಟು ಚಂದ ಕಟ್ಟಿದ್ದಿರಿ. ನಾನೇ ಹಾಳು ಮಾಡಿದೆ" ಎಂದಳು. ಉಪ್ಪಿನಕಾಯಿ ಕೂಡ ಅವನ ಬಾಯಿಗೆ ಸಪ್ಪೆಯಾಯಿತು.

ಹೇಳಿಬಿಡಬೇಕೆಂದು ಮಂಗಳವಾರ ಮೂರು ಸಲ ಬಾಯಿ ತೆರೆದ. ಮೊದಲ ಸಲ ಆಕಳಿಕೆ ಬಂತು, ಎರಡನೇ ಸಲ ಕೆಮ್ಮು ಬಂತು, ಮೂರನೇ ಸಲ "ಚಾ ಉಂಟಾ?" ಎಂಬ ಮಾತು ಬಂತು. ಶೂರರ ಬಾಯಿಯೇ ಹಾಗೆ.

ಬುಧವಾರ ಸಂಜೆ ಅವನಿಗೆ ಉಪಾಯ ಹೊಳೆಯಿತು, ಅಪರಾಧಿಗಳಿಗೆ ಹೊಳೆಯುವಂಥದ್ದೇ. ಅದೇ ಮಿಷನ್ನಿನ ಮೊದಲ ಪ್ರತಿ ತೆರೆದು ಗಾಳಿಯನ್ನು ಸೊನ್ನೆ ಮಾಡಿದ. ಮೋಡಗಳನ್ನೆಲ್ಲ ಗುಡಿಸಿದ. ಶತ್ರುಗಳನ್ನೂ ತೆಗೆದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ವಸು, ಒಂದು ಆಟ ಆಡುತ್ತೀಯಾ? ಸುಮ್ಮನೆ."

"ನನಗೆ ಬೇಡ."

"ಒಂದೇ ಒಂದು. ನನಗೋಸ್ಕರ."

ಅವಳು ಕೂತಳು, ಏರಿದಳು, ಇಳಿಸಿದಳು. ವಿಮಾನ ನೀರಿನ ಮೇಲೆ ಹೂವಿಟ್ಟ ಹಾಗೆ ನಿಂತಿತು. "ನೋಡು! ನಿನ್ನ ಕೈಗೆ ಎಂತದೂ ಆಗಲಿಲ್ಲ!" ಎಂದು ಗಂಡ ಚಪ್ಪಾಳೆ ತಟ್ಟಿದ.

ವಸುಮತಿ ನಗಲಿಲ್ಲ. "ಇದೆಂತ ಇದು, ಒಂದು ಎಲೆಯೂ ಅಲ್ಲಾಡುವುದಿಲ್ಲ! ನಿಲ್ಲಲಿಕ್ಕೆ ಬಾರದ ಮಗುವಿನ ಕೈ ಹಿಡಿದು ನಡೆಸಿದ ಹಾಗೆ ಮಾಡಿದಿರಲ್ಲ." ಆಮೇಲೆ ಅವಳ ಕಣ್ಣು ರನ್‌ವೇಯ ಪಕ್ಕದಲ್ಲಿ ಕಂಬಕ್ಕೆ ಜೋತುಬಿದ್ದ ಪಟ್ಟೆಚೀಲದ ಮೇಲೆ ನಿಂತಿತು. "ಇದು ಶನಿವಾರ ಇರಲಿಲ್ಲ."

"ಇತ್ತು... ಇದ್ದಿರಬೇಕು."

"ಇರಲಿಲ್ಲ. ನಾನು ಮೂರು ಸಲವೂ ಹುಡುಕಿದ್ದೆ. ಅವಸರದಲ್ಲಿ ನನಗೇ ಕಾಣುವುದಿಲ್ಲ ಅಂತ ಎಣಿಸಿದೆ."

ಆಗ ಕರೆಂಟು ಹೋಯಿತು. ಸಂಜೆಯ ಅರ್ಧ ಗಂಟೆಯ ಪವರ್ ಕಟ್ಟು. ಅದು ಕೇರಳ ಸರಕಾರ ದಿನವೂ ತಪ್ಪದೆ ಒದಗಿಸುತ್ತಿದ್ದ ಒಂದೇ ಸೇವೆ. ತೆರೆ ಕಪ್ಪಾಯಿತು. ಯಾವ ದೇವರು ಕೈಬಿಟ್ಟರೂ ವಿದ್ಯುತ್ ಮಂಡಳಿ ಕೈಬಿಡುವುದಿಲ್ಲ ಎಂದು ಗೌರೀಶಂಕರ ಮೇಣದಬತ್ತಿಗಾಗಿ ಏಳಹೊರಟ.

"ಕೂತುಕೊಳ್ಳಿ" ಎಂದಿತು ಕತ್ತಲೆಯಲ್ಲಿ ಟೀಚರ ದನಿ. ಅವನು ಕೂತ.

"ಶನಿವಾರ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?"

ಹೊರಗೆ ಮಳೆ ಶುರುವಾಯಿತು. ಮಳೆಯ ಸದ್ದಿನಲ್ಲಿ ಕೇಳಿಸದೆ ಹೋಗಲಿ ಎಂಬಷ್ಟು ಮೆತ್ತಗೆ ಅವನೆಂದ: "ಮೂಡಣದಿಂದ."

"ಎಲ್ಲರಿಗೂ?"

"ಇಲ್ಲ. ನಿನಗೆ ಮಾತ್ರ."

ಆ ಅರ್ಧ ಗಂಟೆಯಷ್ಟು ಉದ್ದದ ಸಂಜೆಯನ್ನು ಗೌರೀಶಂಕರ ಹಿಂದೆ ಕಂಡಿರಲಿಲ್ಲ. ಕತ್ತಲೆಯಲ್ಲಿ ಅವನೇ ಒಂದೊಂದಾಗಿ ಹೇಳಿದ: ಭುಜಂಗನ ಮಾತು, ತಾನು ಎರಡು ಸಲ ಕೆಡವಿದ ಕಂಬಗಳು, ಎಂದೂ ಇಲ್ಲದ ತಲೆತಿರುಗು. ಕೊನೆಯದನ್ನು ಕೇಳಿ ಅವಳು, "ಅದು ನನಗೆ ಮದುವೆಯಾದ ವರ್ಷವೇ ಗೊತ್ತು" ಎಂದಳು. "ಆದರೆ ಗಾಳಿಚೀಲ ಕಿತ್ತಿರಲ್ಲ, ಅದು ನನ್ನದು. ನಾನು ಕೇಳಿ ಹಾಕಿಸಿಕೊಂಡದ್ದು."

ಕರೆಂಟು ಬಂತು. ಅವಳು ಎದ್ದು ಹೋಗಲಿಲ್ಲ. "ಆ ಎರಡನೇ ಪ್ರತಿ ತೆರೆಯಿರಿ."

"ಯಾಕೆ ಈಗ ಅದು..."

"ತೆರೆಯಿರಿ. ಚೀಲ ನೆಡಿ. ಗಾಳಿ ಎಷ್ಟು ಜೋರು ಉಂಟೋ ಅಷ್ಟೇ ಇರಲಿ."

ಅವನು ಚೀಲ ನೆಟ್ಟ. ಅವಳು ಏರಿದಳು, ಶತ್ರುಗಳನ್ನು ಕೆಡವಿದಳು. ಗಂಡ ಬರೆದ ಸೂಚನೆಯ ಕಡೆ ನೋಡಲೂ ಹೋಗದೆ ಚೀಲ ನೋಡಿದಳು. ಆಚೆ ತುದಿಯಿಂದ ಬಂದು, ಮೂಡಣಕ್ಕೆ ಮುಖ ಕೊಟ್ಟು ಇಳಿಸಿದಳು. ವಿಮಾನ ಒಮ್ಮೆ ಒಲೆದು, ರನ್‌ವೇಯ ನಡುವೆ ನಿಂತಿತು. ಮರಗಳು ದೂರದಲ್ಲಿದ್ದವು. ವಸುಮತಿ ಫೋನೆತ್ತಿದಳು.

"ಆಶಾನ್, ನನ್ನ ಹೆಸರು ತೆಗೆದಾಯಿತಾ?"

"ಬುಧವಾರದವರೆಗೆ ನಾನು ಯಾರ ಹೆಸರೂ ತೆಗೆಯುವುದಿಲ್ಲ ಟೀಚರೇ" ಎಂಬ ಕುಂಞನ ದೊಡ್ಡ ದನಿ ಗೌರೀಶಂಕರನಿಗೂ ಕೇಳಿಸಿತು. "ಭಾನುವಾರ ಹೆದರುವವರು ಬುಧವಾರಕ್ಕೆ ಸರಿಯಾಗುತ್ತಾರೆ. ಬೆಳಿಗ್ಗೆ ಬೇಗ ಬನ್ನಿ."

ಗುರುವಾರ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತ ಗೌರೀಶಂಕರನಿಗೆ ತನ್ನ ಕೈಯಲ್ಲಿ ಯಾವ ಗಾಳಿಯೂ ಇಲ್ಲವೆಂದು ಮೊದಲ ಬಾರಿ ಅರ್ಥವಾಯಿತು. ಕಡಲ ಕಡೆಯಿಂದ ಬೀಸಿದ ಗಾಳಿಗೆ ಕಂಬಗಳು ತಾವಾಗಿಯೇ ತೂಗುತ್ತಿದ್ದವು. ಅವಳು ಹಿಂದಕ್ಕೆ ಬಂದಳು, ತಿರುಗಿಸಿದಳು, ಮುಂದಕ್ಕೆ ಹೋದಳು. ಒಂದು ಕಂಬ ಬಾಗಿ, ಯೋಚಿಸಿ, ಮತ್ತೆ ನೇರವಾಯಿತು. ಎಚ್ ಮುಗಿಯಿತು. ರಸ್ತೆಯ ಟೆಸ್ಟೂ ಮುಗಿಯಿತು. ಕುಂಞ ಆಶಾನ್ ಗಂಡನ ಬಳಿ ಬಂದು, "ಟೀಚರು ಪಾಸು. ಸಾರ್, ನಿಮ್ಮದು ಯಾವಾಗ?" ಎಂದು ಹಲ್ಲುಬಿಟ್ಟ.

ಮುಂದಿನ ಎರಡನೇ ಶನಿವಾರ ಹವಾಮಾನ ಕಟ್ಟಿದವಳು ವಸುಮತಿ. ಭುಜಂಗನ ಎದುರೇ ಗೌರೀಶಂಕರ ನಡೆದದ್ದನ್ನು ಹೇಳಬೇಕಾಯಿತು, ಹೇಳಿದ. ಭುಜಂಗ ಹೊಟ್ಟೆ ಹಿಡಿದು ನಕ್ಕು, "ಅಂದರೆ ನಾನು ಗೆದ್ದದ್ದು ಸುಳ್ಳಾ ಮಾರಾಯ್ರೆ?" ಎಂದು ಕೊನೆಗೆ ಮುಖ ಸಣ್ಣದು ಮಾಡಿಕೊಂಡ. ಗೌರೀಶಂಕರನ ಸರದಿಯಲ್ಲಿ ಸೂಚನೆಯೂ ಸತ್ಯವಾಗಿತ್ತು, ಚೀಲವೂ ಇತ್ತು, ಗಾಳಿಯೂ ಮಂದವಾಗಿತ್ತು. ಅವನು ಎಂದಿನ ಹಾಗೆ ಸಮುದ್ರಕ್ಕೆ ಬಿದ್ದ. ದೂರಲು ಯಾರೂ ಇರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ, ಶಾಲೆಯಲ್ಲಿ ಏನೋ ಸಭೆ ಎಂದು ಅವಳು ಗಂಡನನ್ನೂ ಕಾರಿನಲ್ಲಿ ಕೂರಿಸಿಕೊಂಡಳು. ಮುಂದಿನ ಸೀಟೇ. ಗುಡ್ಡದ ತಿರುವಿನಲ್ಲಿ ಮಳೆ ಅಡ್ಡಡ್ಡ ಹೊಡೆಯತೊಡಗಿದಾಗ ಅವಳು ವೇಗ ತಗ್ಗಿಸಿ ಕೇಳಿದಳು: "ಗಾಳಿ ಯಾವ ಕಡೆಯಿಂದ?"

ಅವನು ಗಾಜು ಇಳಿಸಿ, ಮೊಣಕೈವರೆಗೆ ಕೈ ಹೊರಗೆ ಚಾಚಿ, ಒದ್ದೆಯಾಗುವಷ್ಟು ಹೊತ್ತು ಹಿಡಿದು, ಪ್ರಮಾಣ ಮಾಡುವವನ ಹಾಗೆ ಹೇಳಿದ: "ಪಡುವಣದಿಂದ."

"ಸರಿ" ಎಂದಳು ವಸುಮತಿ. ಆಮೇಲೆ ತನ್ನ ಕಡೆಯ ಗಾಜನ್ನೂ ಸ್ವಲ್ಪ ಇಳಿಸಿ, ಎರಡು ಬೆರಳು ಹೊರಗೆ ಹಾಕಿ ನೋಡಿದಳು.